ಬಾವಿ ತೋಡಿದವನ ಹೊಣೆ, ದೂತನನ್ನು ಕಳಿಸಿದವನ ಹೊಣೆ

ಎಲ್ಲರ ಬಳಕೆಗೆಂದು ಒಂದು ಸಾಧನವನ್ನು ಮಾಡಿ ಬಿಟ್ಟುಕೊಟ್ಟವನಿಗೆ, ಆ ಸಾಧನದಿಂದ ಮುಂದೆ ಇತರರು ಮಾಡುವ ಒಳಿತು ಕೆಡುಕುಗಳಲ್ಲಿ ಪಾಲು ಎಷ್ಟು ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಬಾವಿ, ಕೆರೆ, ಅರವಟ್ಟಿಗೆಗಳನ್ನು ಮುಂದಿಟ್ಟುಕೊಂಡು ಸ್ಮೃತಿಕಾರರು ಚರ್ಚಿಸಿದ ಈ ಪ್ರಶ್ನೆ ಇಂದು ತಂತ್ರಾಂಶದ ಕ್ಷೇತ್ರದಲ್ಲಿ ಮತ್ತೆ ಎದ್ದು ನಿಂತಿದೆ. ಪುಶ್ ನೋಟಿಫಿಕೇಶನ್ ಕಳಿಸುವ ಓಪನ್ ಸೋರ್ಸ್ ಲೈಬ್ರರಿಯನ್ನು ಅದರ ಒಂದು ನಿದರ್ಶನವಾಗಿ ಪರಿಶೀಲಿಸಬಹುದು. ಲೈಬ್ರರಿ ಎಂದರೆ ಒಬ್ಬರು ಬರೆದು ಸಿದ್ಧವಾಗಿಟ್ಟ, ಇತರ ಪ್ರೋಗ್ರಾಮರುಗಳು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದಾದ ಕೋಡಿನ ಕಟ್ಟು. ಬೇರೆಯವರ ಸರ್ವರ್‌ನೊಡನೆ ಮಾತಾಡುವುದಕ್ಕೆಂದೇ ಬರೆದದ್ದಾದರೆ ಅದು ಕ್ಲೈಂಟ್ ಲೈಬ್ರರಿ. ಅದರ ಮೂಲ ಕೋಡನ್ನು ಯಾರು ಬೇಕಾದರೂ ಓದಲು, ಬಳಸಲು, ತಿದ್ದಲು, ಮತ್ತೊಬ್ಬರಿಗೆ ಕೊಡಲು ಅನುಮತಿ ಇದ್ದರೆ ಅದು ಓಪನ್ ಸೋರ್ಸ್. ಆ್ಯಪಾಗಲಿ ಜಾಲತಾಣವಾಗಲಿ ತೆರೆದಿರದಿದ್ದರೂ ಜೇಬಿನಲ್ಲಿರುವ ಫೋನಿಗೆ ತಾನಾಗಿ ಬಂದು ಸದ್ದು ಮಾಡುವ ಸಂದೇಶವೇ ಪುಶ್ ನೋಟಿಫಿಕೇಶನ್.

ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯದೆ ಪ್ರಶ್ನೆ ಹಿಡಿತಕ್ಕೆ ಸಿಗುವುದಿಲ್ಲ. ಆ್ಯಪಲ್ ತನ್ನ ಫೋನುಗಳಿಗೆ ಇಂಥ ಸೇವೆಯನ್ನು ಆರಂಭಿಸಿದ್ದು 2009ರಲ್ಲಿ. ಬ್ರೌಸರ್‌ಗಳಿಗೆ ಸಾಮಾನ್ಯವಾದ ನಿಯಮಾವಳಿ 2016ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 8030 ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಸಂದೇಶವನ್ನು ಗೂಢಲಿಪಿಗೆ ತಿರುಗಿಸುವ ವಿಧಾನವೂ ಕಳಿಸಿದವರ ಗುರುತನ್ನು ದೃಢಪಡಿಸುವ ವಿಧಾನವೂ 2017ರ ನವೆಂಬರ್‌ನಲ್ಲಿ ಅದಕ್ಕೆ ಸೇರಿದವು. ಓದುಗನು ಒಂದು ಜಾಲತಾಣಕ್ಕೆ ಅನುಮತಿ ಕೊಟ್ಟಾಗ ಅವನ ಬ್ರೌಸರ್ ಒಂದು ವಿಳಾಸವನ್ನೂ ಒಂದು ಜೋಡಿ ಕೀಲಿಗಳನ್ನೂ ಸಿದ್ಧಪಡಿಸುತ್ತದೆ. ಆ ವಿಳಾಸ ಇರುವುದು ಗೂಗಲ್, ಮೊಜಿಲ್ಲಾ, ಆ್ಯಪಲ್‌ನಂಥ ಬ್ರೌಸರ್ ತಯಾರಕರು ನಡೆಸುವ ಸರ್ವರ್‌ನಲ್ಲಿ, ಎಂದರೆ ಪುಶ್ ಸೇವೆಯಲ್ಲಿ. ಜಾಲತಾಣದ ಕಡೆಯಿಂದ ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು, ಅದಕ್ಕೆ ಕಳಿಸಿದವರ ಮುದ್ರೆ ಹಾಕುವುದು, ಆ ವಿಳಾಸಕ್ಕೆ ತಲುಪಿಸುವುದು, ಬಂದ ಉತ್ತರವನ್ನು ಓದಿ ಹೇಳುವುದು, ಈ ನಾಲ್ಕು ಕೆಲಸಗಳೇ ಲೈಬ್ರರಿಯ ಪಾಲಿನವು. ಎಲ್ಲ ಪುಶ್ ಸೇವೆಗಳೂ ಒಪ್ಪಲೇಬೇಕೆಂದು ನಿಯಮಾವಳಿ ಹೇಳುವ ಸಂದೇಶದ ಗಾತ್ರ 4096 ಬೈಟ್. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಇದು ಸಾವಿರದ ಮುನ್ನೂರರಷ್ಟು ಕನ್ನಡ ಸಂಕೇತಗಳಿಗೆ ಸಾಲುವ ಜಾಗ.

ಬೆಂಗಳೂರಿನ ಪಶ್ಚಿಮ ಭಾಗದಿಂದ ಎರಡು ಊಹೆಯ ಉದಾಹರಣೆಗಳನ್ನು ತೆಗೆದುಕೊಳ್ಳಬಹುದು. ಮೈಸೂರು ರಸ್ತೆಯ ಪಕ್ಕದಲ್ಲಿ ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಸ್ಥಾನವನ್ನು ಹಾದು ಕೆಂಗೇರಿಯತ್ತ ಹರಿಯುವ ವೃಷಭಾವತಿ ಈಗ ನಗರದ ಕೊಳಚೆಯನ್ನು ಹೊತ್ತ ಕಾಲುವೆಯಂತಿದ್ದರೂ, ದೊಡ್ಡ ಮಳೆ ಬಂದಾಗ ತಾನು ಹೊಳೆಯೆಂಬುದನ್ನು ನೆನಪಿಸುತ್ತದೆ. ದೇವಸ್ಥಾನದ ಆವರಣಕ್ಕೂ ಹಲವು ಬಾರಿ ನೀರು ನುಗ್ಗಿದೆ. ಕೆಂಗೇರಿಯ ಕಡೆಯ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲುವೆಯ ದಡದಲ್ಲಿ ನೀರಿನ ಮಟ್ಟ ಅಳೆಯುವ ಸಾಧನವನ್ನಿಟ್ಟು, ನೀರು ಗುರುತು ದಾಟಿದೊಡನೆ ತಗ್ಗಿನ ಮನೆಗಳವರಿಗೆ ಎಚ್ಚರಿಕೆ ಹೋಗುವಂತೆ ಮಾಡುತ್ತಾನೆ ಎಂದಿಟ್ಟುಕೊಳ್ಳೋಣ. ರಾಜಾಜಿನಗರದ ಒಬ್ಬ ಬಟ್ಟೆ ವ್ಯಾಪಾರಿ, ಅಂಗಡಿಯ ಜಾಲತಾಣಕ್ಕೆ ಒಮ್ಮೆ ಭೇಟಿ ಕೊಟ್ಟವರಿಗೆಲ್ಲ ದಿನಕ್ಕೆ ಐದಾರು ಬಾರಿ ರಿಯಾಯಿತಿಯ ಸಂದೇಶ ಕಳಿಸುತ್ತಾನೆ ಎಂದೂ ಇಟ್ಟುಕೊಳ್ಳೋಣ. ಇಬ್ಬರೂ ಬಳಸುವುದು ಒಂದೇ ಲೈಬ್ರರಿ, ಕರೆಯುವುದು ಅದೇ ಒಂದು ಸಾಲಿನ ಕೋಡು. ಅದನ್ನು ಬರೆದವನಿಗೆ ಇಬ್ಬರ ಪರಿಚಯವೂ ಇಲ್ಲ. ಮೊದಲನೆಯವನ ಪುಣ್ಯದಲ್ಲಿ ಅವನಿಗೆ ಪಾಲಿದ್ದರೆ ಎರಡನೆಯವನು ಕೊಡುವ ಕಿರಿಕಿರಿಯಲ್ಲಿಯೂ ಪಾಲಿರಬೇಕಲ್ಲವೆ?

ಹೊಣೆಯನ್ನು ಮೊದಲು ಸಂದೇಶ ಒಯ್ಯುವವನಲ್ಲಿ ಹುಡುಕುವುದು ಸಹಜ. ಕೌಟಿಲ್ಯನ ಅರ್ಥಶಾಸ್ತ್ರ ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಸಂದರ್ಭ ನೋಡಿ ತಾನೇ ನಿರ್ಧರಿಸುವ ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಗೊತ್ತುಪಡಿಸಿದ ವಿಷಯದಷ್ಟಕ್ಕೆ ಅಧಿಕಾರವುಳ್ಳ ಪರಿಮಿತಾರ್ಥ, ಕೊಟ್ಟ ಓಲೆಯನ್ನು ಮುಟ್ಟಿಸುವುದಷ್ಟೇ ಕೆಲಸವಾದ ಶಾಸನಹರ. ರಾಮಾಯಣದ ಹನುಮಂತ ಮೊದಲನೆಯ ಬಗೆಯವನು. ಅವನ ಕೈಯಲ್ಲಿದ್ದ ಮುದ್ರೆಯುಂಗುರ ಅವನು ಯಾರ ಕಡೆಯವನೆಂಬುದಕ್ಕೆ ಪುರಾವೆಯಾಗಿತ್ತು. ಲೈಬ್ರರಿ ಪ್ರತಿ ಸಂದೇಶಕ್ಕೂ ಹಾಕುವ ಡಿಜಿಟಲ್ ಸಹಿ ಮಾಡುವುದೂ ಅದೇ ಕೆಲಸವನ್ನು. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಹನುಮಂತನು ಮರಳುವಾಗ ಸೀತೆಯ ಚೂಡಾಮಣಿಯನ್ನು ತಂದನು, ಸಂದೇಶ ಸೇರಬೇಕಾದವರಿಗೆ ಸೇರಿತೆಂಬುದಕ್ಕೆ ಅದು ಸಾಕ್ಷಿಯಾಯಿತು. ಲೈಬ್ರರಿಗೆ ಸಾಮಾನ್ಯವಾಗಿ ಸಿಗುವ 201 ಎಂಬ ಉತ್ತರಕ್ಕೆ ಪುಶ್ ಸೇವೆ ಸಂದೇಶವನ್ನು ಸ್ವೀಕರಿಸಿತು ಎಂಬಷ್ಟೇ ಅರ್ಥ, ಫೋನಿನ ಒಡೆಯ ಅದನ್ನು ಕಂಡನೆಂದಲ್ಲ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದು ಸುಂದರಕಾಂಡದಲ್ಲಿದೆ. ಸೀತೆಯನ್ನು ಹುಡುಕಲು ಹೋದವನು ತನ್ನ ವಿವೇಚನೆಯಿಂದಲೇ ಲಂಕೆಯನ್ನು ಸುಟ್ಟ ಮೇಲೆ, ಆ ಬೆಂಕಿಯಲ್ಲಿ ಸೀತೆಯೂ ಬೆಂದುಹೋದಳೇನೋ ಎಂಬ ಭಯ ಅವನನ್ನು ಹಿಡಿಯುತ್ತದೆ, ಅವನು ತನ್ನ ಕೋಪವನ್ನು ತಾನೇ ಹಳಿದುಕೊಳ್ಳುತ್ತಾನೆ. ವಿವೇಚನೆಯುಳ್ಳ ದೂತನಿಗೆ ಮಾತ್ರ ಇಂಥ ಪಶ್ಚಾತ್ತಾಪ ಸಾಧ್ಯ.

ಲೈಬ್ರರಿಯಾದರೋ ಅಪ್ಪಟ ಶಾಸನಹರ. ತಾನು ಒಯ್ಯುವುದು ಪ್ರವಾಹದ ಎಚ್ಚರಿಕೆಯೋ ಸೀರೆಯ ರಿಯಾಯಿತಿಯೋ ಎಂಬುದು ಅದಕ್ಕೆ ತಿಳಿಯದು. ಗೂಢಲಿಪಿಯ ಕಾರಣದಿಂದ ನಡುವಿನ ಪುಶ್ ಸೇವೆಗೂ ತಿಳಿಯದು. ಅಚೇತನವಾದ ದೂತನ ಕಲ್ಪನೆ ಭಾರತೀಯ ಸಾಹಿತ್ಯಕ್ಕೆ ಹೊಸದಲ್ಲ. ಹೊಗೆ, ಬೆಳಕು, ನೀರು, ಗಾಳಿಗಳ ರಾಶಿಯಾದ ಮೋಡವೆಲ್ಲಿ, ಸಮರ್ಥರಾದ ಪ್ರಾಣಿಗಳು ಒಯ್ಯಬೇಕಾದ ಸಂದೇಶವೆಲ್ಲಿ ಎಂಬ ಸಂದೇಹವನ್ನು ಕಾಳಿದಾಸನೇ ಮೇಘದೂತದ ಆರಂಭದಲ್ಲಿ ಎತ್ತಿ, ವಿರಹದಿಂದ ಬೆಂದವನಿಗೆ ಚೇತನ ಅಚೇತನಗಳ ಭೇದ ಕಾಣದು ಎಂದು ಸಮಾಧಾನ ಹೇಳುತ್ತಾನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಗರದ ಮಳೆ ಮತ್ತು ಪ್ರವಾಹದ ಮಾಹಿತಿಗಾಗಿ ಹೊರತಂದ ಆ್ಯಪಿಗೆ ‘ಬೆಂಗಳೂರು ಮೇಘ ಸಂದೇಶ’ ಎಂದು ಹೆಸರಿಟ್ಟಾಗ ಈ ಕಾವ್ಯಸ್ಮೃತಿ ಮೊಬೈಲಿಗೂ ಇಳಿದು ಬಂತು. ಕಾಳಿದಾಸನ ಸಮಾಧಾನ ಕಾವ್ಯಕ್ಕೆ ಸಾಕು, ಧರ್ಮವಿಚಾರಕ್ಕೆ ಸಾಲದು. ರಾವಣನ ಸಭೆಯಲ್ಲಿ ವಿಭೀಷಣ ವಾದಿಸಿದಂತೆ ದೂತನು ಅವಧ್ಯನಾದರೆ, ಅಚೇತನ ದೂತನನ್ನು ದೂಷಿಸುವುದಂತೂ ಅರ್ಥಹೀನ. ಹಾಗಾಗಿ ಹೊಣೆ ಹಿಂದಕ್ಕೆ ಸರಿದು, ಕಳಿಸಿದವನನ್ನೂ ಆ ದೂತನನ್ನು ನಿರ್ಮಿಸಿದವನನ್ನೂ ಮುಟ್ಟುತ್ತದೆ. ಕಳಿಸಿದವನ ಹೊಣೆಯಲ್ಲಿ ವಿವಾದವಿಲ್ಲ. ವಿವಾದವಿರುವುದು ನಿರ್ಮಿಸಿದವನ ವಿಷಯದಲ್ಲಿ.

ಇಲ್ಲಿ ಧರ್ಮಶಾಸ್ತ್ರ ಎರಡು ಮುಖ್ಯ ಪರಿಕಲ್ಪನೆಗಳನ್ನು ಒದಗಿಸುತ್ತದೆ. ಮೊದಲನೆಯದು ದಾನಕ್ಕೂ ಉತ್ಸರ್ಗಕ್ಕೂ ಇರುವ ಭೇದ. ದಾನದಲ್ಲಿ ಕೊಡುವವನ ಒಡೆತನ ಅಳಿದು, ಪಡೆಯುವ ನಿರ್ದಿಷ್ಟ ವ್ಯಕ್ತಿಯ ಒಡೆತನ ಹುಟ್ಟುತ್ತದೆ. ಕೊಟ್ಟ ಹಸುವಿನ ಹಾಲನ್ನು ಕೊಟ್ಟವನು ಕರೆದುಕೊಳ್ಳುವಂತಿಲ್ಲ. ಉತ್ಸರ್ಗದಲ್ಲಿ ಕೆರೆಯನ್ನೋ ಬಾವಿಯನ್ನೋ ಸಕಲ ಜೀವಿಗಳಿಗೆಂದು ಬಿಡಲಾಗುತ್ತದೆ. ಬಿಟ್ಟವನೂ ಆ ಸಕಲರಲ್ಲಿ ಒಬ್ಬನಾದ್ದರಿಂದ ಅವನೂ ಅಲ್ಲಿ ನೀರು ಕುಡಿಯಬಹುದು, ಆದರೆ ಒಡೆಯನಾಗಿ ಅಲ್ಲ. ಓಪನ್ ಸೋರ್ಸ್ ಲೈಬ್ರರಿಗೆ ಒಪ್ಪುವುದು ಈ ಎರಡನೆಯ ಮಾದರಿಯೇ. ಕಾನೂನಿನ ಪ್ರಕಾರ ಕೃತಿಸ್ವಾಮ್ಯ ಬರೆದವನಲ್ಲಿಯೇ ಉಳಿದರೂ, ಒಮ್ಮೆ ಬಿಟ್ಟುಕೊಟ್ಟ ಬಳಕೆಯ ಹಕ್ಕಿಗೆ ಸಂಬಂಧಿಸಿದಂತೆ ಅವನು ದಾರಿಹೋಕನಿಗೆ ಸಮಾನ. ರಾಮನವಮಿಯ ದಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ರಸ್ತೆಬದಿಯ ಚಪ್ಪರಗಳಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವಾಗ ಲೋಟ ಚಾಚಿದವರ ಹೆಸರು ಕೇಳುವ ರೂಢಿಯಿಲ್ಲ; ಸೌಟು ಹಿಡಿದವರೂ ಬಾಯಾರಿದಾಗ ಅದೇ ಕೊಳಗದಿಂದ ಕುಡಿಯುತ್ತಾರೆ. ಬಸವೇಶ್ವರನಗರ ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನ ಪರಂಪರೆ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಕೊಟ್ಟೆನೆಂಬ ಭಾವವೂ ಉಳಿಯದ ನೀಡುವಿಕೆಗೆ ದಾಸೋಹವೆಂದು ಹೆಸರಿಟ್ಟಿತು.

ಎರಡನೆಯ ಪರಿಕಲ್ಪನೆ ಪರಾಶರಸ್ಮೃತಿಯದು. ಗೋವಧೆಯ ಪ್ರಾಯಶ್ಚಿತ್ತಗಳನ್ನು ಹೇಳುವ ಅದರ ಒಂಬತ್ತನೆಯ ಅಧ್ಯಾಯದಲ್ಲಿ, ತೋಡಿದ ಗುಂಡಿಗೆ ಹಸು ಬಿದ್ದು ಸತ್ತರೆ ತೋಡಿದವನಿಗೆ ಪಾಪವುಂಟೆ ಎಂಬ ಪ್ರಶ್ನೆ ಬರುತ್ತದೆ. ಬಾವಿ, ಕೆರೆ ಮುಂತಾಗಿ ಧರ್ಮಕ್ಕೆಂದು ತೋಡಿದ್ದರಲ್ಲಿ, ಎಂದರೆ ಧರ್ಮಖಾತದಲ್ಲಿ, ಬಿದ್ದು ಸತ್ತ ಹಸುವಿಗಾಗಿ ತೋಡಿದವನಿಗೆ ಪ್ರಾಯಶ್ಚಿತ್ತವಿಲ್ಲ ಎಂಬುದು ಅಲ್ಲಿ ಸಿಗುವ ಉತ್ತರ. ವಿಜಯನಗರ ಸಾಮ್ರಾಜ್ಯದ ಆರಂಭದ ದಿನಗಳಲ್ಲಿ, 14ನೆಯ ಶತಮಾನದಲ್ಲಿ, ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯನು ಇದೇ ಸ್ಮೃತಿಗೆ ‘ಪರಾಶರಮಾಧವೀಯ’ ಎಂಬ ವಿಸ್ತಾರವಾದ ವ್ಯಾಖ್ಯಾನ ಬರೆದನು. ಕೆರೆ ಕಟ್ಟಿಸುವುದು ಅರಸರ ಮತ್ತು ಅಧಿಕಾರಿಗಳ ದೊಡ್ಡ ಪುಣ್ಯಕಾರ್ಯವೆನಿಸಿದ್ದ ಆ ನಾಡಿನಲ್ಲಿ ಈ ಪ್ರಶ್ನೆ ಬರಿಯ ಶಾಸ್ತ್ರಚರ್ಚೆಯಾಗಿ ಉಳಿದಿರಲಾರದು. ಪ್ರತಿ ಮುಳುಗುವಿಕೆಯ ಪಾಪವೂ ಕಟ್ಟಿಸಿದವನ ತಲೆಗೆ ಬರುವುದಾದರೆ ಯಾರೂ ಕೆರೆ ಕಟ್ಟಿಸುವುದಿಲ್ಲ. ಎಂಐಟಿ, ಅಪಾಚೆ ಮುಂತಾದ ಪರವಾನಗಿಗಳಲ್ಲಿ ‘ಇದ್ದದ್ದನ್ನು ಇದ್ದಂತೆಯೇ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ’ ಎಂಬ ಅರ್ಥದ ವಾಕ್ಯ ಇರುವುದರ ಕಾರಣವೂ ಇಷ್ಟೇ. ಆ ವಾಕ್ಯವಿಲ್ಲದಿದ್ದರೆ ಪುಕ್ಕಟೆಯಾಗಿ ಕೋಡು ಬಿಟ್ಟುಕೊಡುವ ಧೈರ್ಯ ಬಹುಮಂದಿಗೆ ಇರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಗಟ್ಟಿಯಾದ ಮಾತು ಜೈನ ಶ್ರಾವಕಾಚಾರದಲ್ಲಿ, ಎಂದರೆ ಜೈನ ಗೃಹಸ್ಥರ ನಡವಳಿಕೆಯ ನಿಯಮಗಳಲ್ಲಿ, ಇದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ಬಿಡಬೇಕಾದ ನಿರರ್ಥಕ ಪಾಪಗಳನ್ನು ಐದಾಗಿ ಎಣಿಸುವಾಗ ಹಿಂಸಾದಾನವನ್ನೂ ಸೇರಿಸುತ್ತದೆ. ಕೊಲೆಗೆ ಕಾರಣವಾಗಬಲ್ಲ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಅದರ ಪಟ್ಟಿಯಲ್ಲಿ ಕೊಡಲಿ, ಕತ್ತಿ, ಬೆಂಕಿ, ಸಂಕೋಲೆಗಳ ಜೊತೆಗೆ ಗುದ್ದಲಿಯೂ ಇದೆ. ಪರಾಶರನ ಧರ್ಮಖಾತವನ್ನು ತೋಡುವುದಕ್ಕೂ ಗುದ್ದಲಿಯೇ ಬೇಕು. ಒಂದು ಪರಂಪರೆಯ ಪುಣ್ಯಸಾಧನ ಇನ್ನೊಂದರ ಪಾಪದ ಪಟ್ಟಿಯಲ್ಲಿ ಕಾಣುವುದು ಆಕಸ್ಮಿಕವಲ್ಲ. ನೆಲ ಅಗೆಯುವಾಗ ಸಾಯುವ ಅಸಂಖ್ಯ ಜೀವಿಗಳು ಜೈನ ದೃಷ್ಟಿಗೆ ಬಿದ್ದಿವೆ, ಬಾಯಾರಿದ ದಾರಿಹೋಕ ಸ್ಮೃತಿಕಾರನ ದೃಷ್ಟಿಗೆ ಬಿದ್ದಿದ್ದಾನೆ. ಸಮಂತಭದ್ರನ ಮಾತಿನಂತೆ ಹೋದರೆ, ತನ್ನ ಕೈ ಬಿಟ್ಟ ಸಾಧನ ಮುಂದೆ ಏನು ಮಾಡೀತೆಂಬುದು ಕೊಟ್ಟವನಿಗೆ ಸಂಬಂಧಿಸದ ವಿಷಯವಲ್ಲ, ಪುಕ್ಕಟೆಯಾಗಿ ಕೊಟ್ಟೆನೆಂಬುದು ಸಮರ್ಥನೆಯೂ ಅಲ್ಲ.

ಫಲದ ಚಿಂತೆ ತನಗಿಲ್ಲ, ಕರ್ಮವಷ್ಟೇ ತನ್ನದು ಎಂದು ಗೀತೆಯ ಹೆಸರಿನಲ್ಲಿ ಇಲ್ಲಿಂದ ನುಣುಚಿಕೊಳ್ಳುವ ಪ್ರಯತ್ನವೂ ಉಂಟು. ಆದರೆ ಅದೇ ಗೀತೆ ಹದಿನೆಂಟನೆಯ ಅಧ್ಯಾಯದಲ್ಲಿ, ಮುಂದಿನ ಪರಿಣಾಮವನ್ನೂ ನಷ್ಟವನ್ನೂ ಹಿಂಸೆಯನ್ನೂ ತನ್ನ ಶಕ್ತಿಯನ್ನೂ ಲೆಕ್ಕಿಸದೆ ಮೋಹದಿಂದ ಆರಂಭಿಸಿದ ಕರ್ಮವನ್ನು ತಾಮಸವೆಂದು ವರ್ಗೀಕರಿಸುತ್ತದೆ. ಫಲದ ಆಸೆಯನ್ನು ಬಿಡುವುದು ಬೇರೆ, ಫಲ ಏನಾದೀತೆಂದು ನೋಡದಿರುವುದು ಬೇರೆ. ಹೀಗಾಗಿ ಖಾತರಿಯಿಲ್ಲವೆಂಬ ಪರವಾನಗಿಯ ವಾಕ್ಯ ನ್ಯಾಯಾಲಯದ ಮುಂದೆ ಎಷ್ಟರ ಮಟ್ಟಿಗೆ ಕಾಪಾಡಿದರೂ, ಧರ್ಮದ ಪ್ರಶ್ನೆಗೆ ಅದು ತಾನಾಗಿಯೇ ಉತ್ತರವಾಗುವುದಿಲ್ಲ.

ಈ ಬಿಕ್ಕಟ್ಟನ್ನು ಬಿಡಿಸುವ ಎಳೆ ಪರಾಶರಸ್ಮೃತಿಯ ಅದೇ ಸಂದರ್ಭದಲ್ಲಿ, ಮುಂದಿನ ಮಾತಿನಲ್ಲಿಯೇ ಸಿಗುತ್ತದೆ. ಧರ್ಮಖಾತಕ್ಕೆ ಪ್ರಾಯಶ್ಚಿತ್ತವಿಲ್ಲವೆಂದ ಸ್ಮೃತಿ, ಮನೆಯ ಬಾಗಿಲಲ್ಲಿ, ವಾಸದ ಜಾಗದಲ್ಲಿ, ತನ್ನ ಸ್ವಂತ ಕೆಲಸಕ್ಕೆ ಗುಂಡಿ ತೋಡಿದವನಿಗೆ ಮಾತ್ರ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಎರಡು ಮಾತುಗಳನ್ನೂ ಕೂಡಿಸಿ ಓದಿದರೆ ಗುದ್ದಲಿಯೂ ಗುಂಡಿಯ ಆಳವೂ ಒಂದೇ ಆಗಿದ್ದರೂ ಹೊಣೆ ಬದಲಾಗುವುದು ಎರಡು ಕಾರಣಗಳಿಂದ: ಯಾರಿಗಾಗಿ ತೋಡಿದ್ದು, ಎಲ್ಲಿ ತೋಡಿದ್ದು. ನಿತ್ಯ ಜನ ದನ ಓಡಾಡುವ ಹೊಸ್ತಿಲ ಬಳಿ ಗುಂಡಿ ಇರಿಸಿದವನು ಬೀಳುವಿಕೆಯನ್ನು ತಾನೇ ಆಹ್ವಾನಿಸಿದಂತೆ. ಪಾಪದಿಂದ ಬಿಡುಗಡೆ ‘ಎಲ್ಲರಿಗಾಗಿ’ ಎಂಬ ಘೋಷಣೆಯೊಂದರಿಂದಲೇ ದೊರೆಯುವುದಿಲ್ಲ, ಕಟ್ಟಿದ ರೀತಿಯೂ ಅದಕ್ಕೆ ತಕ್ಕುದಾಗಿರಬೇಕು.

ಲೈಬ್ರರಿಯಲ್ಲಿ ಈ ‘ಎಲ್ಲಿ’ ಎಂಬುದು ಡೀಫಾಲ್ಟ್‌ಗಳಲ್ಲಿ, ಎಂದರೆ ಬಳಸುವವನು ಬೇರೆ ಏನನ್ನೂ ಹೇಳದಿದ್ದಾಗ ತಾನಾಗಿ ಜಾರಿಯಾಗುವ ಮೌಲ್ಯಗಳಲ್ಲಿ ಅಡಗಿದೆ. ಫೋನು ಆಫ್ ಆಗಿದ್ದರೆ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಪುಶ್ ಸೇವೆ ಸಂದೇಶವನ್ನು ಎಷ್ಟು ಸೆಕೆಂಡು ಇಟ್ಟುಕೊಂಡು ಕಾಯಬೇಕೆಂಬುದನ್ನು ಪ್ರತಿ ಸಂದೇಶದ ಜೊತೆಗೂ ಹೇಳಲೇಬೇಕು. ಇದಕ್ಕೆ ಟಿಟಿಎಲ್, ಎಂದರೆ ಸಂದೇಶದ ಆಯುಸ್ಸು, ಎಂದು ಹೆಸರು. ಬಳಸುವವನು ಅದನ್ನು ಹೇಳದಿದ್ದಾಗ ನೋಡ್ ಜೆಎಸ್ ಎಂಬ ಪ್ರೋಗ್ರಾಮಿಂಗ್ ವೇದಿಕೆಗಾಗಿ ಇರುವ ‘ವೆಬ್-ಪುಶ್’ ಲೈಬ್ರರಿ 2419200 ಸೆಕೆಂಡು, ಎಂದರೆ ನಾಲ್ಕು ವಾರ, ಎಂದು ತುಂಬುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ಇರುವ ‘ಪೈವೆಬ್‌ಪುಶ್’ ಸೊನ್ನೆ ಎಂದು ತುಂಬುತ್ತದೆ. ಎರಡೂ ತಮ್ಮ ಕೈಪಿಡಿಯಲ್ಲಿ ಇದನ್ನು ಬಚ್ಚಿಡದೆ ಹೇಳಿವೆ, ಎರಡರಲ್ಲಿಯೂ ಇದನ್ನು ಬದಲಿಸಬಹುದು.

ವೃಷಭಾವತಿಯ ದಡದ ಆ ವಿದ್ಯಾರ್ಥಿಯ ಎಚ್ಚರಿಕೆಗೆ ಈ ಎರಡು ಸಂಖ್ಯೆಗಳನ್ನು ಹೊಂದಿಸಿ ನೋಡಿದರೆ ಅವು ಬರಿಯ ತಾಂತ್ರಿಕ ವಿವರಗಳಲ್ಲವೆಂಬುದು ತಿಳಿಯುತ್ತದೆ. ನಾಲ್ಕು ವಾರದ ಆಯುಸ್ಸು ಇದ್ದಲ್ಲಿ, ಫೋನು ರಿಪೇರಿಗೆ ಹೋಗಿದ್ದ ಮನೆಯೊಂದಕ್ಕೆ ಇಪ್ಪತ್ತು ದಿನದ ಮೇಲೆ, ಬಿಸಿಲು ಕಾಯುತ್ತಿರುವ ಹೊತ್ತಿನಲ್ಲಿ ‘ನೀರು ಏರುತ್ತಿದೆ, ಮನೆ ಬಿಡಿ’ ಎಂಬ ಸಂದೇಶ ಬರುತ್ತದೆ. ಒಮ್ಮೆ ಹಾಗೆ ಬೆಚ್ಚಿಬಿದ್ದವರು ಮುಂದಿನ ನಿಜವಾದ ಎಚ್ಚರಿಕೆಯನ್ನು ನಂಬುವುದು ಕಷ್ಟ. ಸೊನ್ನೆಯ ಆಯುಸ್ಸು ಇದ್ದಲ್ಲಿ, ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದವರು ಮಾಗಡಿ ರಸ್ತೆ ನಿಲ್ದಾಣ ದಾಟಿ ಸುರಂಗಕ್ಕೆ ಇಳಿದು ಎರಡು ನಿಮಿಷ ನೆಟ್‌ವರ್ಕ್ ತಪ್ಪಿದರೂ, ಆ ಎರಡು ನಿಮಿಷದಲ್ಲಿ ಹೊರಟ ಎಚ್ಚರಿಕೆ ಅವರಿಗೆ ಎಂದಿಗೂ ತಲುಪುವುದಿಲ್ಲ. ಮೊದಲನೆಯ ಸಂಖ್ಯೆಯನ್ನು ಬರೆದವನು ಯಾವ ಸಂದೇಶವೂ ಕಳೆದುಹೋಗಬಾರದೆಂದು ಬಗೆದಿದ್ದಾನೆ, ಎರಡನೆಯದನ್ನು ಬರೆದವನು ಹಳಸಿದ ಸಂದೇಶ ಯಾರನ್ನೂ ತಟ್ಟಬಾರದೆಂದು ಬಗೆದಿದ್ದಾನೆ. ಇಬ್ಬರೂ ತಪ್ಪು ಮಾಡಿದವರಲ್ಲ, ಆದರೆ ತಾನು ಏನನ್ನೂ ಆರಿಸಲಿಲ್ಲವೆಂದು ಇಬ್ಬರೂ ಹೇಳುವಂತಿಲ್ಲ.

ತುರ್ತಿನ ವಿಷಯವೂ ಇಂಥದೇ. ನಿಯಮಾವಳಿ ಸಂದೇಶದ ತುರ್ತನ್ನು ಅತಿ ಕಡಿಮೆ, ಕಡಿಮೆ, ಸಾಮಾನ್ಯ, ಹೆಚ್ಚು ಎಂದು ನಾಲ್ಕಾಗಿ ಮಾಡಿದೆ. ಏನೂ ಹೇಳದಿದ್ದರೆ ಸಾಮಾನ್ಯ ಎಂದೇ ತಿಳಿಯಬೇಕು. ಬ್ಯಾಟರಿ ಇಳಿದ ಫೋನು ಹೆಚ್ಚು ತುರ್ತಿನದನ್ನು ಮಾತ್ರ ಬರಮಾಡಿಕೊಂಡು ಉಳಿದದ್ದನ್ನು ಕಾಯಿಸಲೆಂಬುದು ಇದರ ಉದ್ದೇಶ. ಎಲ್ಲ ಸಂದೇಶಗಳಿಗೂ ‘ಹೆಚ್ಚು’ ಎಂಬ ಮುದ್ರೆಯನ್ನು ಡೀಫಾಲ್ಟ್ ಆಗಿ ಒತ್ತುವ ಲೈಬ್ರರಿಯೊಂದು ಇದ್ದರೆ ಅದು ಹೊಸ್ತಿಲಲ್ಲಿ ತೋಡಿದ ಗುಂಡಿ. ಬಟ್ಟೆಯ ವ್ಯಾಪಾರಿ ದುಷ್ಟನಾಗಬೇಕಿಲ್ಲ, ಸೋಮಾರಿಯಾಗಿದ್ದರೆ ಸಾಕು, ಅವನ ರಿಯಾಯಿತಿಯೂ ಪ್ರವಾಹದ ವೇಷದಲ್ಲಿ ಬಂದು ಬಾಗಿಲು ಬಡಿಯುತ್ತದೆ. ಫೋನಿನ ಪರದೆ ಇಂದಿನ ಮನೆಯ ಹೊಸ್ತಿಲೇ ಆಗಿರುವುದರಿಂದ ಅದನ್ನು ದಾಟಲು ಒಡೆಯನ ಅನುಮತಿ ಬೇಕೆಂಬ ನಿಯಮ ಕಾಲಕ್ರಮದಲ್ಲಿ ಬಿಗಿಯಾಗಿದೆ: 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72, ಓದುಗ ತಾನಾಗಿ ಪುಟದಲ್ಲಿ ಏನನ್ನಾದರೂ ಒತ್ತುವ ಮೊದಲೇ ಅನುಮತಿ ಕೇಳುವುದನ್ನು ತಡೆಯಿತು, ಮರುತಿಂಗಳ ಕ್ರೋಮ್ 80 ಸದ್ದುಗದ್ದಲವಿಲ್ಲದ ಅನುಮತಿಯ ವ್ಯವಸ್ಥೆ ತಂದಿತು. ಅನುಮತಿ ಕೇಳದೆ ಹೊಸ್ತಿಲು ದಾಟುವ ಅಧಿಕಾರವನ್ನು ಸಮಾಜ ಒಪ್ಪುವುದು ವಿಪತ್ತಿನ ಸಂದರ್ಭಕ್ಕೆ ಮಾತ್ರ. 2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆ ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯನ್ನು ಪರೀಕ್ಷಿಸಿದಾಗ ಜನರ ಫೋನುಗಳು ಒಮ್ಮೆಗೇ ಕೂಗಿಕೊಂಡದ್ದು ಆ ಬೇರೆಯದೇ ಅಧಿಕಾರದ ಬಲದಿಂದ.

ಬಿಟ್ಟುಕೊಟ್ಟ ಮೇಲಿನ ಪಾಲನೆಯ ಹೊಣೆ ಯಾರದೆಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಕೆರೆಯಲ್ಲಿ ಹೂಳು ತುಂಬುವಂತೆ ಲೈಬ್ರರಿಯೂ ಹಳತಾಗುತ್ತದೆ. ಗೂಗಲ್ ತನ್ನ ಪುಶ್ ಸೇವೆಯ ಹಳೆಯ ದ್ವಾರವನ್ನು 2024ರ ಜುಲೈ 22ರಿಂದ ಮುಚ್ಚತೊಡಗಿದಾಗ, ಅದೇ ದ್ವಾರವನ್ನು ನಂಬಿ ಬರೆದಿದ್ದು ತಿದ್ದುಪಡಿ ಕಾಣದ ಲೈಬ್ರರಿಗಳು ಅಷ್ಟಕ್ಕೇ ನಿರುಪಯೋಗಿಯಾದವು. ಉತ್ಸರ್ಗ ಮಾಡಿದವನು ಜೀವಮಾನವೆಲ್ಲ ಹೂಳೆತ್ತಬೇಕೆಂದು ಶಾಸ್ತ್ರ ಹೇಳುವುದಿಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿಗೆ ಬಿತ್ತುವಟ್ಟ ಎಂಬ ಹೆಸರಿದೆ. ಕೆರೆಯ ನೀರಿನಿಂದ ಬೆಳೆದ ಬೆಳೆ ಕೆರೆಗೂ ಒಂದು ಪಾಲು ಸಲ್ಲಿಸಬೇಕೆಂಬುದೇ ಅದರ ತಿರುಳು. ಲೈಬ್ರರಿಯ ಮೇಲೆ ವ್ಯಾಪಾರ ಕಟ್ಟಿಕೊಂಡವರು ಅದರ ದುರಸ್ತಿಗೆ ಏನನ್ನೂ ಸಲ್ಲಿಸದೆ, ಒಬ್ಬನೇ ನಿರ್ವಾಹಕನನ್ನು ದೂರುವುದು ಈ ಲೆಕ್ಕದಲ್ಲಿ ಅಧರ್ಮ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳಂಥ ಪಶ್ಚಿಮ ಬೆಂಗಳೂರಿನ ಕೆರೆಗಳು ಇಂದು ಹೆಸರಿನಲ್ಲಿ ಮಾತ್ರ ಉಳಿದಿವೆ. ಅವುಗಳ ಅಳಿವಿನ ಹೊಣೆಯನ್ನು ಕಟ್ಟಿಸಿದವರ ಮೇಲೆ ಯಾರೂ ಹೊರಿಸುವುದಿಲ್ಲ.

ಹೀಗೆ ಹೊಣೆ ಮೂರು ಪಾಲಾಗುತ್ತದೆ. ಸಂದೇಶದ ತಿರುಳಿಗೆ ಕಳಿಸಿದವನು, ಸಾಧನದ ಬಾಳಿಕೆಗೆ ಅದರಿಂದ ಲಾಭ ಪಡೆದವರೆಲ್ಲರು, ಸಾಧನದ ರೂಪಕ್ಕೆ ಅದನ್ನು ನಿರ್ಮಿಸಿದವನು ಹೊಣೆ. ಈ ಮೂರನೆಯ ಪಾಲು ಚಿಕ್ಕದಾಗಿ ಕಂಡರೂ ಅದನ್ನು ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ, ಏಕೆಂದರೆ ಲಂಕೆ ಉರಿದ ಮೇಲೆ ಹನುಮಂತನಿಗೆ ಬಂದಂಥ ಭಯ ಶಾಸನಹರನಾದ ಲೈಬ್ರರಿಗೆ ಎಂದಿಗೂ ಬರದು. ಆ ಭಯವನ್ನು ಅದರ ಪರವಾಗಿ ಯಾರಾದರೂ ಮೊದಲೇ ಪಟ್ಟಿರಬೇಕು. ಆಯುಸ್ಸಿನ ಜಾಗದಲ್ಲಿ ಸೊನ್ನೆ ಬರೆಯಬೇಕೆ, 2419200 ಬರೆಯಬೇಕೆ, ಅಥವಾ ಯಾವ ಡೀಫಾಲ್ಟನ್ನೂ ಇಡದೆ ಬಳಸುವವನೇ ಯೋಚಿಸಿ ತುಂಬುವಂತೆ ಒತ್ತಾಯಿಸಬೇಕೆ ಎಂದು ನಿರ್ಮಿಸುವವನು ಕೀಲಿಮಣೆಯ ಮುಂದೆ ತಡೆದು ಕೂರುವ ಹೊತ್ತು ಆ ಭಯಕ್ಕೆ ಮೀಸಲು.